ಕೋಳಿ ರಿಕಾರ್ಡಿನ ಕಂಪನಿ

ನಮ್ಮ ಗ್ರಾಮಫೋನ್ ರಿಕಾರ್ಡು ಕಂಪನಿ ಹೆಚ್ಚೆಂದರೆ ಎರಡು ವರ್ಷ ಬದುಕಿತು. ಅದರಲ್ಲಿ ಮೊದಲನೆಯ ವರ್ಷ ಸರ್ಕಾರದ ಇಜಾಜತ್ತು, ಅಂದರೆ ಅನುಮತಿ, ಬರುವುದನ್ನು ಕಾಯುವುದರಲ್ಲೇ ಕಳೆಯಿತು. ಅದೇ ಕಂಪನಿಯ ಸುವರ್ಣಯುಗ ಎಂದು ಈಗಲೂ ಹೇಳುತ್ತೇನೆ. ಆಗ ಯಾರೂ ಹಾಡಿರಲಿಲ್ಲ, ಹಾಗಾಗಿ ಯಾವ ತಪ್ಪೂ ಆಗಿರಲಿಲ್ಲ.

ಮಾಲೀಕರು ನನ್ನ ಅಕ್ಕನ ಗಂಡ. ಸಿಂಧನೂರಿನ ಬಜಾರಿನಲ್ಲಿ ಅವರ ಅಂಗಡಿ. ಕಂದೀಲು, ಸೈಕಲ್ ಟ್ಯೂಬು, ಹೊಲಿಗೆ ಯಂತ್ರದ ಸೂಜಿ, ಇವುಗಳ ನಡುವೆ ಎರಡು ಗ್ರಾಮಫೋನ್ ಪೆಟ್ಟಿಗೆ. ಮುಂಬಯಿಯ ಒಬ್ಬ ಏಜೆಂಟ ವರ್ಷಕ್ಕೆರಡು ಸಲ ರಿಕಾರ್ಡು ಮಾರಲು ಬರುತ್ತಿದ್ದ. ಒಂದು ಸಲ ಆತ ನಮ್ಮ ಮನೆಯ ಚಹಾ ಕುಡಿಯುತ್ತ, "ನಿಮ್ಮ ಕಡೆ ಹಾಡುವವರು ಯಾರಿದ್ದಾರೆ? ಹಾಡು ಧಾರವಾಡದ ಕಡೆ. ನಿಮ್ಮದು ಬರೀ ಜೋಳದ ಸೀಮೆ" ಎಂದ. ಭಾವನವರಿಗೆ ಹಾಡಿನ ಕಿವಿ ಇರಲಿಲ್ಲ. ಅಕ್ಕ ಜೋಗುಳ ಹಾಡಿದರೆ ಯಾರೋ ಅಳುತ್ತಿದ್ದಾರೆಂದು ಒಳಗೆ ಬಂದು ವಿಚಾರಿಸಿದ ಮನುಷ್ಯ. ಆದರೆ ಅವಮಾನದ ಕಿವಿ ಬಹಳ ಚುರುಕಾಗಿತ್ತು. ಏಜೆಂಟನ ಬಸ್ಸು ಜವಳಗೇರಾ ದಾಟುವುದರೊಳಗೆ ಕಂಪನಿ ಹುಟ್ಟಿತ್ತು.

"ನಾವs ರಿಕಾರ್ಡ ತಗೀತೀವಿ" ಎಂದರು. "ಮಾಸ್ತರ, ನೀ ಕಾಗದಪತ್ರ ನೋಡ್ಕೋ. ವ್ಯಾಳೇನೂ ನೋಡ್ಕೋ."

ಮಾಸ್ತರ ಎಂದರೆ ನಾನು. ಲಿಂಗಸುಗೂರಿನ ಸರ್ಕಾರಿ ಮದರಸಾದಲ್ಲಿ, ಅಂದರೆ ಶಾಲೆಯಲ್ಲಿ, ಲೆಕ್ಕ ಕಲಿಸುತ್ತಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಗಡಿಯಾರಕ್ಕೆ ಕೀಲಿ: ಈ ಕ್ರಮ ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಬಸ್ಸು ಹೇಳಿದ ವೇಳೆಗೆ ಹೊರಡುತ್ತದೆ ಎಂದು ನಂಬಿ ನಿಲ್ದಾಣಕ್ಕೆ ಹೋಗುವವನು ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿ ನಾನೊಬ್ಬನೇ ಇದ್ದೆನೆಂದು ತೋರುತ್ತದೆ. ಶುಕ್ರವಾರ ಮದರಸಾಕ್ಕೆ ರಜೆ. ಪ್ರತಿ ಶುಕ್ರವಾರ ಸಿಂಧನೂರಿಗೆ ಹೋಗಿ, ಭಾವ ಹೇಳಿದ್ದನ್ನು ಮುಂಬಯಿಯ ಕಾರ್ಖಾನೆಗೆ ಇಂಗ್ಲಿಷಿನಲ್ಲಿ, ಕಚೇರಿಗೆ ಉರ್ದುವಿನಲ್ಲಿ ಬರೆದುಕೊಡುವುದು ನನ್ನ ಪಾಲಿನ ಕೆಲಸವಾಯಿತು. ಭಾವನವರಿಗೆ ಎರಡೂ ಬರುತ್ತಿರಲಿಲ್ಲ. ಅವರು ಹೇಳಿದ ಒಂದು ಮಾತನ್ನೂ ಬಿಡದೆ, ಒಂದನ್ನೂ ಸೇರಿಸದೆ ಬರೆಯುತ್ತೇನೆಂದು ನನಗೆ ಸ್ವಲ್ಪ ಗರ್ವವೇ ಇತ್ತು.

ನಿಜಾಮರ ರಾಜ್ಯದಲ್ಲಿ ಹತ್ತು ಜನ ಒಂದು ಕಡೆ ಕೂತು ಬಾಯಿ ತೆರೆಯಬೇಕಾದರೆ ಸರ್ಕಾರಕ್ಕೆ ಮೊದಲೇ ತಿಳಿಸಬೇಕು. ನೀವು ಆರಿಸಿದ ನಾಲ್ಕು ಭಜನೆ ಮೇಳಗಳು ಹಾಡುವ ಪದಗಳನ್ನೆಲ್ಲ ಉರ್ದುವಿಗೆ ತಂದು ಮೂರು ಪ್ರತಿ ಕೊಡಿ ಎಂದು ತಹಶೀಲು ಕಚೇರಿಯ ಗುಮಾಸ್ತರಾದ ಪೇಶ್ಕಾರರು ಹೇಳಿದರು. ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಮಾಸ್ತರ ಸಾಬ್, ಎಲ್ಲಾ ಪದದಾಗೂ ಗುರು ಗುರು ಅಂತ ಬರೀತೀರಿ. ಈ ಗುರು ಯಾರು? ಎಲ್ಲಿರ್ತಾರ?"

"ಎಲ್ಲಾ ಕಡಿ ಇರ್ತಾರ್ರೀ."

"ಎಲ್ಲಾ ಕಡಿ ಅಂದ್ರ ಸಾಹೇಬರು ದಸ್ತಖತ್ ಮಾಡಂಗಿಲ್ಲ. ಒಂದು ಊರು ಬರೀರಿ."

ನಾನು ಮಸ್ಕಿ ಎಂದು ಬರೆದೆ. ಸರ್ಕಾರಿ ದಫ್ತರಿನ ಪ್ರಕಾರ ಪರಮಗುರುವಿನ ಮುಕ್ಕಾಂ ಇಂದಿಗೂ ಮಸ್ಕಿಯೇ ಇರಬೇಕು. ತಿದ್ದುಪಡಿಗೆ ಯಾರೂ ಅರ್ಜಿ ಹಾಕಿದಂತಿಲ್ಲ.

ಆ ಪದಗಳಲ್ಲಿ ಒಂದು ಮಾತ್ರ ಗುರುವಿನದಲ್ಲ, ಎತ್ತಿನದು. ಅದನ್ನು ಕಟ್ಟಿದವನು ಮಸ್ಕಿಯ ಒಬ್ಬ ಆಳು. ಒಬ್ಬ ಸಾಹುಕಾರರ ತೋಟದಲ್ಲಿ ಕಪಿಲೆ ಹೊಡೆಯುತ್ತಿದ್ದ. ಕಾಲುವೆಯ ನೀರು ಇನ್ನೂ ಬಂದಿರದ ಕಾಲ. ಬಾವಿಯ ನೀರನ್ನು ತೊಗಲಿನ ದೊಡ್ಡ ಚೀಲದಲ್ಲಿ ಎತ್ತುಗಳಿಂದ ಎಳೆಸಬೇಕು. ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಚೀಲ ಮೇಲೆ ಬರುತ್ತದೆ, ಹಿಂದಕ್ಕೆ ಸರಿದರೆ ಕೆಳಗಿಳಿಯುತ್ತದೆ. ಬೆಳಗಿನಿಂದ ಹೀಗೆ ಹಿಂದೆ ಮುಂದೆ ನಡೆಯುವ ಎತ್ತುಗಳಿಗೆ ಬೇಸರವಾಗದಿರಲೆಂದು ಆತ ಹಾಡುತ್ತಿದ್ದ. "ಹಿಂದಕ ಸರದರ ಸೋತಂಗಲ್ಲೋ ಬಸವಾ, ಮುಂದಕ ನಡದರ ನೀರು" ಎಂದು ಅದರ ಪಲ್ಲವಿ. ಹಿಂದಕ್ಕೆ ಸರಿಯುವವರು ಯಾರು, ಸರ್ಕಾರವೇ, ಎಂದು ಪೇಶ್ಕಾರರು ಕೇಳಿದರು. ಎತ್ತು ಎಂದೆ. ಎತ್ತಿನ ಮುಕ್ಕಾಂ ಕೇಳಲಿಲ್ಲ.

ಹಾಡುವುದರಲ್ಲಿ ಆತನಿಗೆ ಸಮ ಇಲ್ಲ ಎಂಬುದು ಭಾವನವರಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಮಸ್ಕಿಯ ಭಜನೆ ಮೇಳಕ್ಕೆ ಆತನೇ ಮುಂದಾಳು. ಆದರೆ ಗಂಟಲಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ಲಿಂಗಸುಗೂರಿನ ಡಾಕ್ಟರರು ನೋಡಿ, ಹೈದರಾಬಾದಿಗೆ ಹೋಗಿ ಕೊಯ್ಸಿಕೊಳ್ಳಬೇಕು, ಕೊಯ್ದರೆ ದನಿ ಹೋಗುತ್ತದೆ, ಕೊಯ್ಯದಿದ್ದರೆ ಜೀವ ಹೋಗುತ್ತದೆ ಎಂದಿದ್ದರು. ಅವನ ಹೆಂಡತಿ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು:

"ಇವನ ದನಿ ನಿಮ್ಮ ಪೆಟಗ್ಯಾಗ ಇಟಕೊಳ್ರಿ. ಆಮ್ಯಾಲ ಹೈದರಾಬಾದಿಗೆ ಕರಕೊಂಡು ಹೋಗ್ತೀನಿ. ಬ್ಯಾರೆ ಹಾಡು ಬ್ಯಾಡ್ರಿ, ಕಪಲಿ ಹಾಡು. ಅದು ಇವಂದು."

ಭಾವ ಒಪ್ಪಿದರು. ಯಾರು ಏನು ಕೇಳಿದರೂ ಒಪ್ಪಿಕೊಳ್ಳುವುದು ಅವರ ವ್ಯಾಪಾರದ ಪದ್ಧತಿ.

ಇಜಾಜತ್ತು ಬಂದ ಮೇಲೆ ಕಾರ್ಖಾನೆಯಿಂದ ಒಬ್ಬ ಯಂತ್ರದವನು ರಾಯಚೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಲಿಂಗಸುಗೂರಿಗೆ ಬಂದ. ಜೊತೆಗೆ ದನಿ ಕೊರೆಯುವ ಹತ್ತು ಮೇಣದ ಬಿಲ್ಲೆ. ದಾರಿಯಲ್ಲಿ ಒಂದು ಒಡೆದು ಒಂಬತ್ತು ಉಳಿದವು. ಒಂದು ಬಿಲ್ಲೆಗೆ ಮೂರು ನಿಮಿಷ ಹತ್ತು ಸೆಕೆಂಡು. ಅದರ ಮೇಲೆ ಒಂದು ಉಸಿರಿಗೂ ಜಾಗವಿಲ್ಲ. ಅಂಥ ಬಿಲ್ಲೆ ಎರಡು ಸೇರಿದರೆ ಎರಡು ಬದಿಯ ಒಂದು ರಿಕಾರ್ಡು. ನಾಲ್ಕು ಮೇಳಕ್ಕೆ ಎರಡೆರಡು, ಕಪಿಲೆ ಹಾಡಿಗೆ ಕೊನೆಯದೊಂದು ಎಂದು ನಾನು ಹಂಚಿಟ್ಟೆ.

ನಾಲ್ಕು ಶುಕ್ರವಾರ ಮೇಳಗಳಿಗೆ ತಾಲೀಮು ಕೊಡಿಸಿದ್ದೆ. ಪಲ್ಲವಿ ಎಷ್ಟು ಸಲ, ನುಡಿ ಎಷ್ಟು, ತಾಳದವರು ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಗಡಿಯಾರ ಹಿಡಿದು ಕತ್ತರಿಸಿ, ಪ್ರತಿ ಹಾಡನ್ನೂ ಮೂರು ನಿಮಿಷಕ್ಕೆ ತಂದಿದ್ದೆ. ಜವಳಗೇರಾದ ಮೇಳವಂತೂ ಮೂರು ಸಲ ಹಾಡಿದರೆ ಮೂರು ಸಲವೂ ಎರಡು ನಿಮಿಷ ಐವತ್ತೆಂಟು ಸೆಕೆಂಡು. ಇಂಥ ಶಿಸ್ತು ನನ್ನ ಮದರಸಾದಲ್ಲೂ ಇರಲಿಲ್ಲ. ಬಹಳ ಸಂತೋಷಪಟ್ಟೆ.

ಲಿಂಗಸುಗೂರಿನಲ್ಲಿ ಹಿಂದೆ ಸೈನ್ಯ ಬೀಡುಬಿಟ್ಟಿದ್ದ ದಂಡಿನ ಛಾವಣಿಯಲ್ಲಿ ಹಳೆಯ ಬಂಗಲೆಯೊಂದು ಖಾಲಿ ಇತ್ತು. ಗೋಡೆ ದಪ್ಪ, ಒಳಗೆ ತಂಪು. ಬೆಳಿಗ್ಗೆ ಏಳಕ್ಕೆ ಎಂದಿದ್ದೆ. ಒಂಬತ್ತಕ್ಕೆ ಎಲ್ಲರೂ ಸೇರಿದರು. ಭಾವ ಯಂತ್ರಕ್ಕೆ ಕುಂಕುಮ ಹಚ್ಚಲು ಹೋಗಿ ಯಂತ್ರದವನಿಂದ ಬೈಸಿಕೊಂಡು ತೆಂಗಿನಕಾಯಿಯನ್ನು ಹೊಸ್ತಿಲಿಗೆ ಒಡೆದರು. ಮೊದಲು ಜವಳಗೇರಾದ ಮೇಳ. ಯಂತ್ರ ತಿರುಗಿತು. ನಾನು ಕೈ ಇಳಿಸಿದೆ. ಮುಂದಾಳು ಕಣ್ಣು ಮುಚ್ಚಿ ಗುರುಸ್ತುತಿ ಆರಂಭಿಸಿದ.

ತಾಲೀಮಿನಲ್ಲಿ ಈ ಗುರುಸ್ತುತಿ ಇರಲೇ ಇಲ್ಲ. ಗುರುವಿಗೆ ಒಂದು ನುಡಿ, ಗುರುವಿನ ಗುರುವಿಗೆ ಒಂದು, ಊರ ದೈವಕ್ಕೆ ಒಂದು, ಕೂತ ಸಭೆಗೆ ಒಂದು. ಒಬ್ಬ ಹೇಳುವುದು, ಮೇಳದವರೆಲ್ಲ ಅದನ್ನೇ ತಿರುಗಿ ಹೇಳುವುದು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಸ್ತುತಿ ಮುಗಿಯಿತು. ನಂತರ ಹಾಡಿನ ಪಲ್ಲವಿಯನ್ನು ಒಂದು ಸಲ ಎತ್ತಿದ್ದರು, ಬಿಲ್ಲೆ ತುಂಬಿತು.

"ಇದನ್ನ ತಾಲೀಮಿನಾಗ ಯಾಕ ಹಾಡಲಿಲ್ಲ?" ಎಂದು ಕೇಳಿದೆ.

ಆತ ನನ್ನನ್ನು ಮರುಕದಿಂದ ನೋಡಿದ. "ಮಾಸ್ತರ್ರೀ, ತಾಲೀಮಿಗೆ ಯಾರರ ಗುರುನ್ನ ಕರೀತಾರೇನ್ರಿ? ಸುಳ್ಳs ಕರದು ಕೂಡಸಾಕ ಆತ ಏನು ನಿಮ್ಮ ಸಾಲಿ ಹುಡುಗನ?"

ಸರಿ, ಅದನ್ನು ಮೊದಲ ಬದಿ ಮಾಡೋಣ, ಎರಡನೆಯ ಬದಿಗೆ ಬರೀ ಹಾಡು ಎಂದರು ಭಾವ. ಯಂತ್ರದವನು ಹೊಸ ಬಿಲ್ಲೆ ಇಡುವಷ್ಟರಲ್ಲಿ ಮೇಳದವರು ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದರು. ಮತ್ತೆ ಕೂತರು. ಮತ್ತೆ ಗುರುಸ್ತುತಿ.

"ಎದ್ದು ಹೋದಮ್ಯಾಲ ಅದು ಬ್ಯಾರೆ ಕೂಟ ಆತಲ್ರೀ."

ಹಾಗಾದರೆ ಉಳಿದ ಮೇಳದವರು ಏಳಬೇಡಿ ಎಂದು ಕಟ್ಟಪ್ಪಣೆ ಮಾಡಿದೆ. ಅವರು ಏಳಲಿಲ್ಲ. ಆದರೂ ಸ್ತುತಿ ಬಿಡಲಿಲ್ಲ. ಹಿಂದಿನ ಬಿಲ್ಲೆ ಬೇರೆ, ಇದು ಬೇರೆ. ಯಾರೋ ಒಬ್ಬ ಈ ಬದಿಯನ್ನೇ ಮೊದಲು ಹಾಕಿದರೆ ಹಾಡಿಗೆ ತಲೆಯೇ ಇಲ್ಲದಂತಾಗುತ್ತದೆ ಎಂದು ಅವರ ವಾದ. ಯಂತ್ರ ಶುರುವಾಗುವ ಮೊದಲೇ ಸ್ತುತಿ ಮಾಡಿಕೊಳ್ಳಿ ಎಂದೆ. ಅದು ನಮಗಾಯಿತು, ಕೇಳುವವರಿಗೆ ಎಲ್ಲಿ ಆಯಿತು ಎಂದರು. ತರ್ಕದಲ್ಲಿ ನನ್ನನ್ನು ಸೋಲಿಸಿದವರು ಆ ದಿನದವರೆಗೆ ಯಾರೂ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಎಂಟು ಬಿಲ್ಲೆಗಳ ಮೇಲೆ ಎಂಟು ಗುರುಸ್ತುತಿಗಳು ಕೂತಿದ್ದವು. ನಾಲ್ಕು ವಾರ ಗಡಿಯಾರ ಹಿಡಿದು ಕತ್ತರಿಸಿದ ನನ್ನ ಹಾಡುಗಳಲ್ಲಿ ಒಂದೂ ಇರಲಿಲ್ಲ. ಕನ್ನಡ ಬಾರದ ಯಂತ್ರದವನು ಮಾತ್ರ ಬಹಳ ಚೆನ್ನಾಗಿದೆ ಎಂದು ತಲೆದೂಗುತ್ತಿದ್ದ.

ಒಂಬತ್ತನೆಯ ಬಿಲ್ಲೆ ಉಳಿದಿತ್ತು. ಕಪಿಲೆಯವನು ಮುಂದೆ ಬಂದು ಕೂತು ಗಂಟಲು ಸವರಿಕೊಂಡ. ಮಸ್ಕಿ ಮೇಳದ ಎರಡು ಸ್ತುತಿಗಳನ್ನು ಆಗತಾನೇ ಹಾಡಿದ್ದ. ಈಗ ಮೂರನೆಯದಕ್ಕೆ ಕಣ್ಣು ಮುಚ್ಚಿದ. ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ನಡುವೆ ಬಂದಳು.

"ಏನು ಮಾಡಾಕತ್ತೀ?"

"ಗುರುನ್ನ ನೆನೀಬೇಕಲ್ಲೇ."

"ಎರಡು ಸಲ ಕರದೀದಿ. ಆತ ಬಂದು ಕುಂತಾನ. ಮೂರನೇ ಸಲ ಕರದರ ಇವನ ಕಾಟ ಸಾಕಂತ ಎದ್ದು ಹೋಗ್ತಾನ. ಸುಮ್ನ ಎತ್ತಿಗೆ ಹಾಡು."

ಬಂಗಲೆಯಲ್ಲಿ ಯಾರೂ ನಗಲಿಲ್ಲ. ನಾಲ್ಕೂ ಮೇಳದವರು ಇದು ಶಾಸ್ತ್ರಕ್ಕೆ ಕೂಡುತ್ತದೆಯೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆತ ತಾಳ ಕೆಳಗಿಟ್ಟು, ಬರೀ ದನಿಯಲ್ಲಿ ಹಾಡಿದ. ಮೂರು ನಿಮಿಷ ಆರು ಸೆಕೆಂಡು. ಎತ್ತಿಗೆ ಹೇಳುವ ಮಾತನ್ನು ಅಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ. ಮರುದಿನವೇ ಅವರಿಬ್ಬರೂ ಹೈದರಾಬಾದಿಗೆ ಹೋದರು.

ನಾಲ್ಕು ತಿಂಗಳಿಗೆ ರಿಕಾರ್ಡು ಬಂದವು. ನಡುವಿನ ಚೀಟಿಯ ಮೇಲೆ ನವಿಲು ಇರಬೇಕೆಂದು ಭಾವ ಚಿತ್ರ ಬರೆಸಿ ಕಳಿಸಿದ್ದರು. ಒಂದೇ ಬಣ್ಣದಲ್ಲಿ ಅಚ್ಚಾಗಿ ಅದು ಕೋಳಿಯಾಗಿ ಬಂತು. ಜನ ಕೋಳಿ ರಿಕಾರ್ಡು ಎಂದೇ ಕರೆದರು, ಕೊನೆಗೆ ಅಂಗಡಿಯ ಬಾಗಿಲಿಗೂ ಕೋಳಿಯ ಬೋರ್ಡೇ ಬಂತು. ಕಪಿಲೆ ಹಾಡು ಬಂದಿರಲಿಲ್ಲ. ಒಂದೇ ಬದಿಯನ್ನು ಕಾರ್ಖಾನೆ ಒತ್ತುವುದಿಲ್ಲ, ಜೋಡಿ ಸಿಕ್ಕ ಮೇಲೆ ನೋಡೋಣ ಎಂದು ಬರೆದಿದ್ದರು.

ಮುಕ್ಕುಂದದ ಒಬ್ಬ ಗೌಡರು ಒಂದನ್ನು ಕೊಂಡು ಎರಡು ದಿನಕ್ಕೆ ತಿರುಗಿ ತಂದರು.

"ಈ ಬದಿ ಗುರುಸ್ತುತಿ ಐತಿ. ಆ ಬದೀನೂ ಗುರುಸ್ತುತಿ ಐತಿ. ಹಾಡೆಲ್ಲಿ ಐತ್ರಿ?"

"ಗೌಡ್ರs, ದೊಡ್ಡವರ ಹೆಸರು ಎಷ್ಟು ಸಲ ಕೇಳಿದರೂ ನಿಮಗೇನು ನಷ್ಟ?" ಎಂದರು ಭಾವ.

ಕಂಪನಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮ ಜನರನ್ನು ಅಷ್ಟು ಸುಲಭಕ್ಕೆ ಅಳೆಯಲಾಗುವುದಿಲ್ಲ. ಭಜನೆ ಮೇಳಗಳು ಒಂದೊಂದಾಗಿ ಅಂಗಡಿಗೆ ಬಂದವು. ಮಸ್ಕಿಯವನ ದನಿಯಲ್ಲಿ ಗುರುಸ್ತುತಿ ಹಾಕಿಬಿಟ್ಟರೆ ತಮ್ಮ ಗಂಟಲಿಗೆ ಅಷ್ಟು ವಿಶ್ರಾಂತಿ. ಆಮೇಲೆ ಹಾಡು ತಾವೇ ಹಾಡಿಕೊಳ್ಳುತ್ತಾರೆ. ನಾಲ್ಕು ರಿಕಾರ್ಡುಗಳಲ್ಲಿ ಮಸ್ಕಿಯದೊಂದೇ ಪೂರ್ತಿ ಖರ್ಚಾಯಿತು. ಹಾಡೇ ಇಲ್ಲದ ರಿಕಾರ್ಡು ಮಾರಿ ಹೆಸರು ಮಾಡಿದ ಕಂಪನಿ ನಮ್ಮದೊಂದೇ ಇರಬೇಕು. ಭಾವ ಇದನ್ನು ಮೊದಲೇ ಯೋಚಿಸಿದ್ದೆ ಎಂದು ಹೇಳತೊಡಗಿದರು.

ಆಗ ಯುದ್ಧ ಜೋರಾಗಿತ್ತು. ಕಾರ್ಖಾನೆಯಿಂದ ಕಾಗದ ಬಂತು. ರಿಕಾರ್ಡಿಗೆ ಬೇಕಾದ ಅರಗು ಸಿಗುತ್ತಿಲ್ಲ. ಸಣ್ಣ ಕಂಪನಿಗಳಿಗೆ ಇನ್ನು ಒಂದೇ ಒಂದು ರಿಕಾರ್ಡಿನ ಪ್ರತಿಗಳನ್ನು ಒತ್ತಿಕೊಡುತ್ತೇವೆ. ಯಾವ ಎರಡು ಬದಿ ಬೇಕು, ನಂಬರು ಬರೆಯಿರಿ. ಉಳಿದ ತಾಮ್ರದ ಅಚ್ಚುಗಳನ್ನು ಕರಗಿಸುತ್ತೇವೆ. ನಾನು ಓದಿ ಹೇಳಿದೆ.

ಅದೇ ಶುಕ್ರವಾರ ಕಪಿಲೆಯವನ ಹೆಂಡತಿ ಬಂದಳು. ಗಂಡ ಹೈದರಾಬಾದಿನಿಂದ ಜೀವಂತ ಬಂದಿದ್ದ, ದನಿ ಬಂದಿರಲಿಲ್ಲ. ಪಿಸುಮಾತು ಮಾತ್ರ. ಕಪಿಲೆ ಹೊಡೆಯಲು ಹೋದರೆ ಎತ್ತು ಕದಲುವುದಿಲ್ಲವಂತೆ. ಸಾಹುಕಾರರು ಬೇರೆ ಆಳು ನೋಡಿಕೊಂಡಿದ್ದರು.

"ಕಪಲಿ ಹಾಡು ಬಂತೇನ್ರಿ?"

"ಮುಂದಿನ ಸಲ ಬರತೈತೆವ್ವಾ" ಎಂದರು ಭಾವ.

"ಮುಂದಿನ ಸಲ ಅಂದ್ರ ಯಾವ ವಾರರೀ?"

ಭಾವ ಸೈಕಲ್ ಟ್ಯೂಬು ಎಣಿಸತೊಡಗಿದರು. ಆಕೆ ನನ್ನ ಕಡೆ ನೋಡಿದಳು. ವಾರ, ವೇಳೆ ನನ್ನ ಇಲಾಖೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಕಾರ್ಖಾನೆಯ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಆಕೆ ಹೋದ ಮೇಲೆ ಭಾವ ಬಾಯಿಬಿಟ್ಟರು.

"ಬರಿ ಮಾಸ್ತರ. ಮಸ್ಕಿ ಮೇಳದ್ದು ಖರ್ಚಾಗೈತಿ, ಅದs ಮತ್ತ ಬೇಕು. ಏಳು ಮತ್ತು ಎಂಟು."

"ಒಂಬತ್ತು ಕರಗಿಸಿಬಿಡ್ತಾರ, ಭಾವ."

"ಎತ್ತಿನ ಹಾಡು ಯಾರು ತಗೋತಾರಲೇ, ಎತ್ತೇನು ಅಂಗಡಿಗೆ ಬರ್ತಾವ? ಬರಿ."

ಬರೆದೆ. ಎಂದಿನ ಹಾಗೆ ನೆಟ್ಟಗಿನ ಅಕ್ಷರದಲ್ಲಿ, ಅಂಚು ಬಿಟ್ಟು, ಕೆಳಗೆ ತಾರೀಖು ಹಾಕಿ. ಏಳು ಮತ್ತು ಒಂಬತ್ತು ಎಂದು ಬರೆದೆ. ಭಾವ ಸಹಿ ಮಾಡಿದರು. ಟಪಾಲು ತೆಗೆಯುವ ವೇಳೆಗೆ ಮೊದಲೇ ಹೋಗಿ ಡಬ್ಬಿಗೆ ಹಾಕಿದೆ.

ರಿಕಾರ್ಡಿನ ಪೆಟ್ಟಿಗೆ ಬಂದ ದಿನ ನಾನೂ ಇದ್ದೆ. ಮೊದಲ ಬದಿ ಗುರುಸ್ತುತಿ. ಭಾವ ಮೀಸೆ ನೀವಿದರು. ತಿರುವಿ ಹಾಕಿದರು. ಎತ್ತು ಹಿಂದಕ್ಕೆ ಸರಿಯಿತು.

"ಕಾರಖಾನಿಯವರು ಕುಡದು ಕೆಲಸ ಮಾಡ್ತಾರೇನು?" ಎಂದರು. "ತಕರಾರು ಬರಿ."

ನಾನೇ ಮಾಡಿದ ತಪ್ಪಿನ ಮೇಲೆ ನಾನೇ ತಕರಾರು ಬರೆದೆ. ಭಾಷೆ ಖಡಕ್ಕಾಗಿತ್ತು, ಈಗ ನೆನೆದರೂ ಒಳ್ಳೆಯ ಕಾಗದ. ಅಷ್ಟರಲ್ಲಿ ಮೇಳದವರು ರಿಕಾರ್ಡು ಕೇಳಿ ನೋಡಿ ಬೇಡವೆಂದರು. ಒಂದು ಬದಿ ತಮ್ಮಲ್ಲಿ ಇದ್ದದ್ದೇ, ಇನ್ನೊಂದು ಬದಿಗೆ ತಲೆಯೇ ಇಲ್ಲ.

ಮೂರು ವಾರಕ್ಕೆ ಕಾರ್ಖಾನೆಯ ಉತ್ತರ ಬಂತು. ಭಾವ ಅದನ್ನು ನನ್ನ ಕೈಗೆ ಕೊಟ್ಟು ಕೂತರು. ಬೇರೆ ಏನಾದರೂ ಹೇಳಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಸಲ ಅಡ್ಡದಾರಿ ಹಿಡಿದದ್ದೇ ನನ್ನ ಮೈಗೆ ಹಿಡಿಸಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ: ನಿಮ್ಮ ಕಾಗದದಲ್ಲಿ ಏಳು ಮತ್ತು ಒಂಬತ್ತು ಎಂದೇ ಇದೆ, ಅಕ್ಷರ ಬಹಳ ಸ್ಪಷ್ಟವಾಗಿದೆ.

ಭಾವ ಕಾಗದ ಇಸಿದುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಮುಂದೆ ಐದು ತಿಂಗಳು ನನ್ನೊಡನೆ ಮಾತೇ ಆಡಲಿಲ್ಲ. ನಾನು ಎಂದಿನಂತೆ ಶುಕ್ರವಾರ ಹೋಗುತ್ತಿದ್ದೆ. ಕ್ರಮ ತಪ್ಪಿಸಲು ಕಾರಣವಿರಲಿಲ್ಲ. ಎದುರಿಗೇ ಕೂತು ಅಕ್ಕನಿಗೆ ಹೇಳುತ್ತಿದ್ದರು: "ಮಾಸ್ತರಗ ಕೇಳು, ಇನ್ನೊಂದು ರೊಟ್ಟಿ ತಿಂತಾನೇನು."

"ಒಲ್ಲೆ ಅನ್ನು" ಎಂದು ನಾನು ಅಕ್ಕನಿಗೆ ಹೇಳುತ್ತಿದ್ದೆ.

"ನಿಮ್ಮಿಬ್ಬರ ನಡುವ ನಾ ಟಪಾಲಿನವಳಾಗೀನಿ" ಎಂದು ಅಕ್ಕ ಇಬ್ಬರಿಗೂ ರೊಟ್ಟಿ ಹಾಕುತ್ತಿದ್ದಳು.

ಅರಗು ಬರಲಿಲ್ಲ, ಕಾರ್ಖಾನೆ ಮತ್ತೆ ಬರೆಯಲಿಲ್ಲ, ಕಂಪನಿ ನಿಂತಿತು. ಯಾರೂ ನಿಲ್ಲಿಸಿದ್ದಲ್ಲ. ಬಾಗಿಲ ಮೇಲಿನ ಕೋಳಿಯ ಬೋರ್ಡು ಬಿಸಿಲಿಗೆ ಬಣ್ಣ ಬಿಟ್ಟಿತು, ಅಷ್ಟೇ. ಗ್ರಾಮಫೋನನ್ನು ಅಂಗಡಿಯಲ್ಲಿ ಹಾಕುವುದನ್ನೂ ಭಾವ ಬಿಟ್ಟರು. ಹಾಗೆಂದು ಅವರು ಹೇಳುತ್ತಿದ್ದರು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಂದೇ ಹಾಡು ಹಾಕಿಕೊಂಡು ಕೂತಿರುತ್ತಾರೆ, ಎತ್ತಿನದು ಎಂದು ಅಕ್ಕ ನನಗೆ ತಿಳಿಸಿದಳು.

ಒಂದು ಶುಕ್ರವಾರ ಊಟವಾದ ಮೇಲೆ ಭಾವ ಅಕ್ಕನ ಕಡೆ ತಿರುಗಿದರು. "ಮಾಸ್ತರ ತಿರಿಗಿ ಹೋಗೂ ಮುಂದ ಮಸ್ಕ್ಯಾಗ ಇಳೀತಾನೇನು ಕೇಳು. ಇಳದರ ಈ ಪೆಟಗಿ ಒಯ್ದು ಆ ಹೆಣ್ಮಗಳ ಮನ್ಯಾಗ ಕೊಡಲಿ. ಕಂಪನೀನs ಇಲ್ಲ, ಪೆಟಗಿ ಇಟಗೊಂಡು ಏನು ಮಾಡೂದೈತಿ."

"ಇಳೀತೀನಿ ಅನ್ನು" ಎಂದೆ.

ಗ್ರಾಮಫೋನ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಾರದೆ ಉಳಿದಿದ್ದ ಕಪಿಲೆ ಹಾಡಿನ ಹತ್ತು ರಿಕಾರ್ಡು ಚೀಲದಲ್ಲಿ ಹಾಕಿಕೊಂಡು, ಒಂದೂವರೆ ತಾಸು ತಡವಾಗಿ ಹೊರಟ ಬಸ್ಸಿನಲ್ಲಿ ಮಸ್ಕಿಗೆ ಬಂದೆ. ಆತ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಆಕೆ ಪೆಟ್ಟಿಗೆ ನೋಡಿ, ಕೈ ಒರೆಸಿಕೊಂಡು ಬಂದು ಕೂತಳು. ಕೀಲಿ ಕೊಟ್ಟು ಮುಳ್ಳು ಇಳಿಸಿದೆ.

ಆತ ಹಗ್ಗ ಬಿಟ್ಟು, ಮುಖ ತಿರುಗಿಸಿ, ತನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಕೇಳಿದ. ಎರಡನೆಯ ನುಡಿಗೆ ಬಂದಾಗ ತಡೆಯಲಾಗಲಿಲ್ಲ. ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಇಲ್ಲಿ ಅವಸರ ಮಾಡೀನ್ರಿ. ಎತ್ತು ಇಷ್ಟು ಲಗೂನ ಸರಿಯಂಗಿಲ್ಲ."

ಹೆಂಡತಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ನೀ ಸುಮ್ನ ಕೂಡು" ಎಂದಳು. "ಹಾಡಾಕತ್ತಾನ."